ಜೂನ್ ಒಂದರ ಹುಲಿಗೆಮ್ಮಂದಿರು

ಈ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳುವ ಮೊದಲೇ ಬ್ಯಾಂಕಿನವರು ನನಗೆ ಹುಟ್ಟುಹಬ್ಬದ ಶುಭಾಶಯ ಕೋರಿದ್ದರು. ಅವರ ಹಿಂದೆ ವಿಮೆಯವರು, ಮೊಬೈಲ್ ಕಂಪನಿಯವರು, ಯಾವತ್ತೋ ಒಮ್ಮೆ ಚಪ್ಪಲಿ ಕೊಂಡಿದ್ದ ಅಂಗಡಿಯವರು. ಒಬ್ಬರು ಕೇಕಿನ ಚಿತ್ರ ಕಳಿಸಿದರೆ ಇನ್ನೊಬ್ಬರು ಬಲೂನಿನದು. ನಾನು ಹುಟ್ಟಿದ್ದು ಬಿಳಿಜೋಳ ಕಣಕ್ಕೆ ಬಂದಿದ್ದ ಕಾಲದಲ್ಲಿ, ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಇವತ್ತು ಜೂನ್ ಒಂದು, ಸಾಲೆ ತೆರೆಯುವ ದಿನ. ನಮ್ಮ ಕಡೆ ಹಳ್ಳಿಸಾಲೆ ಹತ್ತಿದ ಮಕ್ಕಳೆಲ್ಲ ಕಾಗದದ ಮೇಲೆ ಹುಟ್ಟಿರುವುದು ಅದೇ ದಿನ. ನಮ್ಮಪ್ಪ ಹೆಡ್‌ಮಾಸ್ತರಾಗಿದ್ದರು, ಊರ ಮಕ್ಕಳಿಗೆಲ್ಲ ಜೂನ್ ಒಂದು ಬರೆದ ಕೈಯಲ್ಲೇ ನನಗೂ ಅದನ್ನೇ, ನಾನು ಹುಟ್ಟಿದ್ದರ ಹಿಂದಿನ ವರ್ಷದ್ದನ್ನು, ಬರೆದರು. ಹಾಗೆ ಬರೆಯದಿದ್ದರೆ ನನಗೆ ವಯಸ್ಸು ಸಾಲದೆ ಒಂದು ವರ್ಷ ಹೆಚ್ಚಿಗೆ ಮನೆಯಲ್ಲಿ ಕೂರಬೇಕಾಗುತ್ತಿತ್ತಂತೆ.

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಮೊದಲು ನಾನೂ ನಗುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಆ ನಗುವನ್ನು ಕಿತ್ತುಕೊಂಡು ಹೋಯಿತು. ಈಗ ಬಲೂನಿನ ಚಿತ್ರ ಕಂಡರೆ ನನಗೆ ಬರುವುದು ಸಿಟ್ಟು, ಅದೂ ಸಣ್ಣ ಸಿಟ್ಟಲ್ಲ.

ಆಗ ನಾನು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿದ್ದೆ. ಕೆಳಗೆ ಹತ್ತಿಬೀಜ, ಕ್ರಿಮಿನಾಶಕ ಮಾರುವ ಅಂಗಡಿ; ಮೇಲೆ ನಾವು ಐದಾರು ಮಂದಿ. ಬೇಸಿಗೆಯಲ್ಲಿ ಆ ಔಷಧದ ವಾಸನೆ ಕಾದು ಮೆಟ್ಟಿಲು ಹತ್ತಿ ಬರುತ್ತಿತ್ತು. ಮಧ್ಯಾಹ್ನದ ತಲೆನೋವು ಬಿಸಿಲಿನದೋ ಔಷಧದ್ದೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕರೆಂಟು ಹೋದರೆ ಯು.ಪಿ.ಎಸ್. ಕಿರುಚುತ್ತಿತ್ತು, ನಾವು ಕಾಗದ ಬೀಸಿಕೊಳ್ಳುತ್ತ ಕೀಲಿ ಒತ್ತುತ್ತಿದ್ದೆವು. ಎ.ಸಿ. ಇದ್ದದ್ದು ವಿರೂಪಾಕ್ಷ ಸರ್ ಕೋಣೆಯಲ್ಲಿ ಮಾತ್ರ. ಸರ್ ನಮ್ಮ ಕಚೇರಿಯ ಮುಖ್ಯಸ್ಥರು, ಮಟಮಾರಿಯವರು, ಹೈದರಾಬಾದಿನ ದೊಡ್ಡ ಕಂಪನಿಯಿಂದ ಕೆಲಸ ತಂದು ನಮಗೆ ಹಂಚುವವರು. ಮಾತು ಮೃದು, ನಡೆ ಮೆತ್ತಗೆ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಒಂದು ಕಷ್ಟದ ಕೆಲಸ; ಕೂಗಿದವರೇ ಕೆಟ್ಟವರಾಗುತ್ತಾರೆ.

ಆ ವರ್ಷ ಬಂದ ಕೆಲಸ ಒಂದು ವೈದ್ಯ ಮನೆತನದ ಮೂರು ಆಸ್ಪತ್ರೆಗಳದು. ಒಂದು ರಾಯಚೂರಿನಲ್ಲಿ, ಒಂದು ಮಾನ್ವಿಯಲ್ಲಿ, ಒಂದು ದೇವದುರ್ಗದಲ್ಲಿ. ಮೂರೂ ಕಡೆಯ ರೋಗಿಗಳ ವಿವರ ಒಂದೇ ಕಡೆ ಸೇರಬೇಕು. ದೇವದುರ್ಗದಲ್ಲಿ ತೋರಿಸಿಕೊಂಡವರು ರಾಯಚೂರಿಗೆ ಬಂದರೆ ಅವರ ಹಳೆಯದೆಲ್ಲ ಪರದೆಯ ಮೇಲೆ ಸಿಗಬೇಕು. ಒಬ್ಬರೇ ಮೂರು ಕಡೆ ಹೆಸರು ಬರೆಸಿರುತ್ತಾರಲ್ಲ, ಅವನ್ನು ಗುರುತಿಸಿ ಕೂಡಿಸುವ ಕೋಡು ಹೈದರಾಬಾದಿನಿಂದ ಸಿದ್ಧವಾಗಿ ಬಂದಿತ್ತು. ಹೆಸರು, ಊರು, ಹುಟ್ಟಿದ ತಾರೀಖು, ಮೂರೂ ಹೊಂದಿದರೆ ಅದು ಒಬ್ಬರೇ. ಕೇಳಿದರೆ ಸರಿಯೇ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ನನ್ನ ಪಾಲಿಗೆ ಬಂದದ್ದು ಟೆಸ್ಟುಗಳು. ಟೆಸ್ಟ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕೋಡಿನ ಒಂದು ತುಂಡಿಗೆ ಒಂದು ಪ್ರಶ್ನೆ ಕೇಳುವುದು, ಬರಬೇಕಾದ ಉತ್ತರವನ್ನು ಮೊದಲೇ ಬರೆದಿಡುವುದು. ಕೋಡು ಬರೆಯುವ ಎಡಿಟರಿನಲ್ಲಿ ಪ್ರತಿ ಟೆಸ್ಟಿನ ಪಕ್ಕ ಒಂದು ಸಣ್ಣ ತ್ರಿಕೋನ ಇರುತ್ತದೆ. ಅದನ್ನು ಒತ್ತಿದರೆ ಟೆಸ್ಟು ಓಡುತ್ತದೆ. ಉತ್ತರ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಗೋಡೆಯ ಮೇಲೆ ಸರ್ ಒಂದು ದೊಡ್ಡ ಟಿ.ವಿ. ಹಾಕಿಸಿದ್ದರು. ಎಲ್ಲ ಟೆಸ್ಟು ಪಾಸಾಗಿದ್ದರೆ ಅದು ಅಂಚಿನಿಂದ ಅಂಚಿಗೆ ಹಸಿರಾಗುತ್ತಿತ್ತು. ಹೊರಗಿನವರು ಬಂದಾಗ ಸರ್ ಮೊದಲು ಅವರನ್ನು ಆ ಟಿ.ವಿ. ಮುಂದೆ ನಿಲ್ಲಿಸುತ್ತಿದ್ದರು. ಗದ್ದೆ ತೋರಿಸುವ ಹಾಗೆ ತೋರಿಸುತ್ತಿದ್ದರು.

ಆ ಜೂನ್ ಒಂದರಂದು ಕಚೇರಿಯಲ್ಲಿ ಒಂದೇ ಕೇಕು ಕತ್ತರಿಸಿದೆವು. ಅದರ ಮೇಲೆ ಮೂವರ ಹೆಸರು. ಸರ್‌ದು, ನನ್ನದು, ಲೆಕ್ಕ ನೋಡುವ ಹುಡುಗಿಯದು. ಎಲ್ಲರೂ ನಗುತ್ತ ತಿಂದೆವು.

ಅದಾಗಿ ಎರಡೋ ಮೂರೋ ದಿನಕ್ಕೆ ದೇವದುರ್ಗದಿಂದ ಫೋನು ಬಂತು. ಅಲ್ಲಿ ಹೊಸ ಪ್ರೋಗ್ರಾಮನ್ನು ಪ್ರಯೋಗಕ್ಕೆ ಹಾಕಿದ್ದೆವು. ಕೌಂಟರಿನಲ್ಲಿ ಕೂರುವ ಶಬಾನಾ ಮಾತಾಡಿದಳು. ಅವಳದು ಅವಸರದ ಮಾತು.

“ಅಕ್ಕಾ, ಒಬ್ಬಾಕಿ ಹುಲಿಗೆಮ್ಮ ಕಾಣವಲ್ಲಳು.”

“ಕಾಣವಲ್ಲಳು ಅಂದ್ರ?”

“ಇಬ್ರಿದ್ರು ಅಕ್ಕಾ. ಒಬ್ಬಾಕಿ ಬಸುರಿ, ತಿಂಗಳಾ ಬರ್ತಾಳ. ಇನ್ನೊಬ್ಬಾಕಿ ಮೊಣಕಾಲು ಬ್ಯಾನಿ ಅಂತ ಬಂದಿದ್ಳು. ಈಗ ನೋಡಿದ್ರ ಒಬ್ಬಾಕಿನ ಅದಾಳ. ಆಕಿಗೆ ಮೊಣಕಾಲೂ ಬ್ಯಾನಿ, ಬಸುರೂ ಅದ ಅಂತ ತೋರ್ಸಾಕತ್ತದ. ಡಾಕ್ಟರಮ್ಮ ನನಗ ಬೈಯಾಕತ್ತಾರ.”

ಊರು ಯಾವುದು ಎಂದು ಕೇಳಿದೆ. ಕೃಷ್ಣಾ ದಂಡೆಯ ಒಂದು ಹಳ್ಳಿಯ ಹೆಸರು ಹೇಳಿದಳು. ಅಪ್ಪ ವರ್ಷಾನುಗಟ್ಟಲೆ ಕೆಲಸ ಮಾಡಿದ ಸಾಲೆ ಆ ಊರಿನದೇ.

ಇಬ್ಬರು ಹುಲಿಗೆಮ್ಮಂದಿರನ್ನು ಕೊಟ್ಟರೆ ಕೋಡು ಏನು ಮಾಡುತ್ತದೆ ಎಂದು ನೋಡಲು ಟೆಸ್ಟ್ ಬರೆದೆ. ಓಡಿಸಿದೆ. ಹಸಿರು. ಇಬ್ಬರೂ ಇಬ್ಬರಾಗಿಯೇ ಉಳಿದರು. ಮತ್ತೆ ಓಡಿಸಿದೆ, ಮತ್ತೆ ಹಸಿರು. ಶಬಾನಾಳೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡು ಅವಳಿಗೆ ಫೋನು ಮಾಡಿ, ಇಬ್ಬರ ಹಳೆಯ ಚೀಟಿ ತೆಗೆದು ಪೂರ್ತಿ ಓದು ಎಂದೆ. ಓದಿದಳು. “ಹುಟ್ಟಿದ್ದು ಜೂನ್ ಒಂದು. ಈಕಿದೂ ಜೂನ್ ಒಂದು. ವರ್ಷಾನೂ ಒಂದ ಅದ ಅಕ್ಕಾ.”

ನನ್ನ ಟೆಸ್ಟಿನತ್ತ ನೋಡಿದೆ. ಅಭ್ಯಾಸಬಲದಿಂದ ಒಬ್ಬಳಿಗೆ ಮಾರ್ಚಿನ ಯಾವುದೋ ತಾರೀಖು, ಇನ್ನೊಬ್ಬಳಿಗೆ ಅಕ್ಟೋಬರಿನ ಯಾವುದೋ ತಾರೀಖು ಕೊಟ್ಟಿದ್ದೆ. ಹೈದರಾಬಾದಿನಿಂದ ಬಂದ ಟೆಸ್ಟುಗಳಲ್ಲೂ ಹಾಗೆಯೇ ಇತ್ತು: ರಮೇಶ, ಸುರೇಶ, ಒಬ್ಬೊಬ್ಬರಿಗೆ ಒಂದೊಂದು ಚೆಂದದ ತಾರೀಖು. ಆ ಊರಿನಲ್ಲಿ ಮಾರ್ಚಿನಲ್ಲಿ ಯಾರೂ ಹುಟ್ಟುವುದಿಲ್ಲ. ಮಕ್ಕಳು ಹುಟ್ಟುತ್ತವೆ, ಕಾಗದ ಒಪ್ಪುವುದಿಲ್ಲ. ಎರಡೂ ಕಡೆ ಜೂನ್ ಒಂದು ಎಂದು ತಿದ್ದಿ ತ್ರಿಕೋನ ಒತ್ತಿದೆ. ಕೆಂಪು ಬಂತು. ಕೆಳಗೆ ಬರೆದಿತ್ತು: ಎರಡು ಬೇಕಿತ್ತು, ಸಿಕ್ಕಿದ್ದು ಒಂದು.

ಆಮೇಲೆ ಡೀಬಗ್ ಮಾಡಲು, ಅಂದರೆ ಕೋಡು ಎಲ್ಲಿ ಎಡವುತ್ತದೆ ಎಂದು ಹುಡುಕಲು, ಕುಳಿತೆ. ನಮ್ಮ ಕೋಡಿನ ಭಾಷೆ ಜಾವಾ. ಅದರ ಒಂದು ಸಾಲಿನ ಎಡಕ್ಕೆ ಒತ್ತಿದರೆ ಅಲ್ಲೊಂದು ಕೆಂಪು ಚುಕ್ಕಿ ಮೂಡುತ್ತದೆ. ಟೆಸ್ಟು ಓಡುತ್ತ ಬಂದು ಆ ಚುಕ್ಕಿಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನಾವು ಒತ್ತಿದಷ್ಟೇ, ಒಂದೊಂದೇ ಸಾಲು. ಆ ಹೊತ್ತಿಗೆ ಎಲ್ಲಿ ಏನು ತುಂಬಿದೆ ಎಂಬುದು ಪಕ್ಕದಲ್ಲಿ ಕಾಣುತ್ತಿರುತ್ತದೆ. ಶಬಾನಾ ಓದಿದ ಎರಡೂ ಚೀಟಿಯ ವಿವರಗಳನ್ನೇ ಟೆಸ್ಟಿನಲ್ಲಿ ಹಾಕಿದ್ದೆ. ಬಸುರಿ ಹುಲಿಗೆಮ್ಮನ ಚೀಟಿಯಲ್ಲಿ ಡಾಕ್ಟರಮ್ಮ ಕೆಂಪು ಮಸಿಯಲ್ಲಿ ಒಂದು ಮಾತು ಬರೆದಿದ್ದರು: ಪೆನಿಸಿಲಿನ್ ಆಗುವುದಿಲ್ಲ. ಹಿಂದೊಮ್ಮೆ ಆ ಸೂಜಿ ಹಾಕಿದಾಗ ಅವಳಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತಂತೆ.

ಸಾಲು ಸಾಲಾಗಿ ಮುಂದೆ ಹೋದೆ. ಹೆಸರು ಹೊಂದಿತು. ಊರು ಹೊಂದಿತು. ತಾರೀಖು ಹೊಂದಿತು. ಕೂಡಿಸುವ ಸಾಲಿಗೆ ಬಂದೆ. ಕೊನೆಗೆ ಬಂದುಹೋದವಳು ಮೊಣಕಾಲಿನ ಹುಲಿಗೆಮ್ಮ. ಅವಳ ವಿವರವೆಲ್ಲ ಹೊಸದು ಎಂದುಕೊಂಡು ಕೋಡು ಅದನ್ನು ಹಳೆಯದರ ಮೇಲೆ ಬರೆಯುತ್ತ ಹೋಯಿತು. ಅವಳ ಚೀಟಿಯಲ್ಲಿ ಆಗದ ಔಷಧದ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಪೆನಿಸಿಲಿನ್ ಎಂಬ ಮಾತು ಇತ್ತು. ಒಂದು ಸಲ ಒತ್ತಿದೆ. ಮಾತು ಇರಲಿಲ್ಲ. ಖಾಲಿ ಜಾಗ ಬಂದು ಅದರ ಮೇಲೆ ಕೂತಿತ್ತು. ಮೊದಲಿನಿಂದ ಓಡಿಸಿ ಮತ್ತೆ ನೋಡಿದೆ, ಮತ್ತೆ ಹಾಗೆಯೇ ಅಳಿಸಿತು. ಶ್ರಾವಣದ ಹೊತ್ತಿಗೆ ಈ ಹೆಂಗಸು ಹೆರಿಗೆಗೆ ಬರುತ್ತಾಳೆ, ಯಾರೋ ಪರದೆ ನೋಡಿ ಸೂಜಿ ಹಾಕುತ್ತಾರೆ.

ಸರ್ ಕೋಣೆಗೆ ಲ್ಯಾಪ್‌ಟಾಪು ಹೊತ್ತುಕೊಂಡೇ ಹೋದೆ. ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಡೇಟಾ ಸರಿ ಇಲ್ಲ ಬಿಡವಾ. ಒಂದ ಹೆಸರು, ಒಂದ ಊರು, ಒಂದ ತಾರೀಖು. ಹಿಂಗ ಯಾರರ ಹುಟ್ಟತಾರೇನು?”

“ನೀವ ಹುಟ್ಟೀರಲ್ರಿ ಸರ್. ಮೊನ್ನೆ ಕೇಕು ಕೊಯ್ದೀವಲ್ರಿ.”

“ಅದು ಬ್ಯಾರೆ ಮಾತು.”

“ಹೆಂಗ್ರಿ ಬ್ಯಾರೆ?”

“ನಮ್ಮೂರಾಗ ವಿರೂಪಾಕ್ಷ ಅಂತ ನಾ ಒಬ್ಬನ ಅದೀನಿ.”

ಹೇಳಿ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿದವರು ಹೈದರಾಬಾದಿನವರು, ಡೊಂಕಾದದ್ದು ನಮ್ಮ ನೆಲ. ಆ ನೆಲದಲ್ಲೇ ಹುಟ್ಟಿ, ಅದೇ ಜೂನ್ ಒಂದನ್ನು ಸಾಲೆಯಿಂದ ಪಡೆದುಕೊಂಡು ಬಂದ ಮನುಷ್ಯ ತನ್ನ ಊರ ಜನವನ್ನು ತಪ್ಪು ಡೇಟಾ ಎಂದದ್ದು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಗೊತ್ತಿಲ್ಲದವರು ಹೇಳಿದ್ದರೆ ತಿಳಿಸಿ ಹೇಳಬಹುದಿತ್ತು. ಗೊತ್ತಿದ್ದವರಿಗೆ ಏನು ಹೇಳುವುದು?

ಮರುದಿನ ಕಚೇರಿಗೆ ಬಂದರೆ ಟಿ.ವಿ. ಹಸಿರಾಗಿತ್ತು. ಒಂದು ಕ್ಷಣ ಸಂತೋಷವಾಯಿತು, ಯಾರೋ ಸರಿಮಾಡಿದ್ದಾರೆ ಎಂದು. ಎಡಿಟರು ತೆರೆದು ನೋಡಿದೆ. ಕೋಡು ಇದ್ದ ಹಾಗೇ ಇತ್ತು. ನನ್ನ ಟೆಸ್ಟಿನ ತಲೆಯ ಮೇಲೆ ಒಂದು ಪದ ಸೇರಿತ್ತು, ಇದನ್ನು ಓಡಿಸಬೇಡ ಎಂದು ಹೇಳುವ ಪದ. ಜಾವಾದಲ್ಲಿ ಅದಕ್ಕೆ ಅವಕಾಶವಿದೆ. ಆ ಪದ ಹಾಕಿದರೆ ಟೆಸ್ಟು ಇದ್ದೂ ಇಲ್ಲದಂತೆ. ಹಸಿರೂ ಅಲ್ಲ, ಕೆಂಪೂ ಅಲ್ಲ. ಬಾಯಿಗೆ ಬಟ್ಟೆ ತುರುಕಿ ಮೂಲೆಯಲ್ಲಿ ಕೂರಿಸಿದ ಹಾಗೆ ಕೂತಿತ್ತು.

ಪಿತ್ತ ನೆತ್ತಿಗೇರಿತು. ಸರ್ ಎದುರು ನಿಂತು, ಇದು ಸರಿಯಲ್ಲ, ಆ ಹೆಂಗಸು ಸತ್ತರೆ ಯಾರು ಹೊಣೆ ಎಂದು ಕೇಳಿದೆ. ನನ್ನ ದನಿ ಕೆಳಗಿನ ಬೀಜದಂಗಡಿಯವರೆಗೂ ಹೋಗಿರಬೇಕು. ಸರ್ ದನಿ ಮಾತ್ರ ಏರಲಿಲ್ಲ.

“ರೇಣುಕಾ, ಹೈದರಾಬಾದಿನವರ ಕೋಡಿಗೆ ನಾವು ಕೈ ಹಚ್ಚಂಗಿಲ್ಲ. ನಾಳೆ ಅವರು ನೋಡಾಕ ಬರಾಕತ್ತಾರ. ಹಸಿರು ಕಾಣ್ಲಿ. ಆಮ್ಯಾಲೆ ನೋಡೋಣಂತ.”

ಅವರು ಬಂದರು, ಟಿ.ವಿ. ಮುಂದೆ ನಿಂತರು, ಫೋಟೋ ಹೊಡೆಸಿಕೊಂಡರು, ಹೋದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸುಮ್ಮನಿರಿಸಿದ ಟೆಸ್ಟು ಎಷ್ಟಿವೆ ಎಂದು ಒಬ್ಬರೂ ಕೇಳಲಿಲ್ಲ.

ಆ ಭಾನುವಾರ ಮಾನ್ವಿಗೆ, ಮನೆಗೆ ಹೋದೆ. ಸರ್ ಮೇಲಿನ ಸಿಟ್ಟನ್ನು ಸರ್ ಮೇಲೆ ತೀರಿಸಲಾಗದೆ ಅಪ್ಪನ ಮೇಲೆ ತಂದು ಸುರಿದೆ. ಅವರು ಕಟ್ಟೆಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದರು.

“ಯಪ್ಪಾ, ನೀ ಬರದ ಸುಳ್ಳು ತಾರೀಖಿಗೆ ಈಗ ಒಬ್ಬಾಕಿ ಜೀವ ಹೋಗೂ ಹಂಗ ಆಗ್ಯದ ನೋಡು.”

ಅಪ್ಪ ಮೊರ ಕೆಳಗಿಟ್ಟರು. ಎಲ್ಲ ಕೇಳಿಸಿಕೊಂಡರು.

“ಏನ್ ಮಾಡ್ಬೇಕಿತ್ತು ಯವ್ವಾ? ತಾಯಿ ಬಂದು ‘ಹೊಳಿ ತುಂಬಿ ಬಂದ ವರ್ಷ ಹುಟ್ಯಾಳ್ರಿ ಮಾಸ್ತರ’ ಅಂತಿದ್ಳು. ಯಾವ ತಾರೀಖಿಗೆ ತುಂಬಿತ್ತು ಅಂತ ನಾ ಹೊಳೀಗೆ ಹೋಗಿ ಕೇಳ್ಲೇನು? ತಾರೀಖಿಲ್ಲ ಅಂತ ತಿರುಗಿ ಕಳಿಸಿದ್ರ ಆ ಕೂಸು ನಾಳಿಂದ ಹತ್ತಿ ಬಿಡಿಸಾಕ ಹೋಗ್ತಿತ್ತು. ಸಾಲ್ಯಾಗ ಕುಂದರ್ಲಿ ಅಂತ ಬರದೆ.”

“ಈಗ ಇಬ್ರು ಕೂಡಿ ಒಬ್ಬಾಕಿ ಆಗ್ಯಾರ.”

“ಯಾರು, ದೊಡ್ಡ ಹುಲಿಗಿ ಸಣ್ಣ ಹುಲಿಗಿ ಏನು? ದೊಡ್ಡಾಕಿ ಮಾರೆಮ್ಮನ ಮಗಳು, ಸಣ್ಣಾಕಿ ತಾಯಮ್ಮನ ಮಗಳು. ಇಬ್ರನ್ನೂ ಅದ ಊರಾಗ ಅವರವರ ಸೋದರಮಾವಗ ಕೊಟ್ರು.” ಆಮೇಲೆ ಅಪ್ಪನಿಗೂ ಸಿಟ್ಟು ಬಂತು. ಅವರ ಸಿಟ್ಟು ನಾನು ನೋಡಿದ್ದು ಕಡಿಮೆ. “ನಾ ತಾರೀಖು ಒಂದ ಬರದೆ ಖರೆ. ಮನಷ್ಯಾರನ್ನ ಒಂದು ಮಾಡ್ಲಿಲ್ಲ. ಹಾಜರಿ ಕರದಾಗ ಇಬ್ರೂ ಬ್ಯಾರೆ ಬ್ಯಾರೆ ಎದ್ದು ನಿಂತು ‘ಹಾಜರ್ ಸಾರ್’ ಅಂತಿದ್ರು. ನಿನ್ನ ಕಂಪ್ಯೂಟರಿಗೆ ಅಷ್ಟೂ ಕಾಣಂಗಿಲ್ಲೇನು?”

ಅಪ್ಪ ಸುಳ್ಳು ಬರೆದಿದ್ದರು. ಆ ಸುಳ್ಳಿನಿಂದ ಮಕ್ಕಳು ಒಳಗೆ ಬಂದಿದ್ದವು. ನಾವು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಜನ ಹೊರಗೆ ಬೀಳುತ್ತಿದ್ದರು.

ತಾಯಿಯ ಹೆಸರು! ಆಸ್ಪತ್ರೆಯ ಚೀಟಿಯಲ್ಲಿ ಅದಕ್ಕೊಂದು ಜಾಗ ಇದ್ದೇ ಇತ್ತು, ಪ್ರೋಗ್ರಾಮಿನೊಳಗೂ ಬಂದಿತ್ತು, ಹೋಲಿಸುವಾಗ ಮಾತ್ರ ಯಾರೂ ಅದನ್ನು ನೋಡುತ್ತಿರಲಿಲ್ಲ. ಸೋಮವಾರ ಕೋಡು ತಿದ್ದಿದೆ. ತಾಯಿಯ ಹೆಸರೂ ಹೊಂದಬೇಕು, ಹೊಂದಿದರೂ ಕೌಂಟರಿನಲ್ಲಿರುವವರು ನೋಡಿ ಹೌದು ಎನ್ನದೆ ಕೂಡಿಸಬಾರದು, ಖಾಲಿ ಜಾಗ ತುಂಬಿದ ಜಾಗವನ್ನು ಅಳಿಸಬಾರದು. ಎಲ್ಲ ಸೇರಿ ಬೆರಳೆಣಿಕೆಯ ಸಾಲುಗಳು. ಬಾಯಿಕಟ್ಟಿದ ಟೆಸ್ಟನ್ನು ಬಿಡಿಸಿ ಓಡಿಸಿದೆ, ಹಸಿರಾಯಿತು. ಸರ್ ನೋಡಿದರು, ಬೇಡ ಎಂದರು. ಒಪ್ಪಿಸಿಬಿಟ್ಟ ಕೋಡು, ಈಗ ಬದಲಿಸಿದರೆ ಮೊದಲಿನದು ತಪ್ಪಿತ್ತು ಎಂದು ಒಪ್ಪಿದ ಹಾಗಾಗುತ್ತದೆ. ಅದರ ಬದಲಿಗೆ ಅವರದೇ ಒಂದು ಉಪಾಯ ತೆಗೆದರು. ಮೂರೂ ಆಸ್ಪತ್ರೆಯ ಕೌಂಟರುಗಳಿಗೆ ಫೋನು ಹೋಯಿತು: ಒಂದೇ ಹೆಸರಿನವರು ಇಬ್ಬರಿದ್ದರೆ ಒಬ್ಬರ ಹುಟ್ಟಿದ ತಾರೀಖನ್ನು ಜೂನ್ ಎರಡು ಮಾಡಿ. ಮೂವರಿದ್ದರೆ ಜೂನ್ ಮೂರು.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಂದು ಡಿಗ್ರಿ, ಇಪ್ಪತ್ತು ವರ್ಷದ ಅನುಭವ, ಎ.ಸಿ. ಕೋಣೆ, ಇಷ್ಟೆಲ್ಲ ಸೇರಿ ಕೊಟ್ಟ ಪರಿಹಾರ ಅದು. ಶಬಾನಾ ಪಾಪ ಹೇಳಿದಂತೆ ಮಾಡಿದಳು. ಬಸುರಿಯಾಗಿದ್ದ ಸಣ್ಣ ಹುಲಿಗೆಮ್ಮ ಹೊಸದಾಗಿ ಜೂನ್ ಎರಡಕ್ಕೆ ಹುಟ್ಟಿದಳು. ಅಳಿಸಿಹೋದ ಕೆಂಪು ಮಸಿಯ ಮಾತನ್ನು ಮತ್ತೆ ಬರೆಯೋಣವೆಂದರೆ ಹಳೆಯ ಚೀಟಿಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಮಾನ್ವಿಗೆ ಸಾಗಿಸಿದ್ದರು. ಡಾಕ್ಟರಮ್ಮನಿಗೆ ಹೇಳಿ ಬರೆಸು ಎಂದು ಶಬಾನಾಳಿಗೆ ಹೇಳಿದೆ. ಬರೆಸುತ್ತೇನೆ ಅಂದಳು. ನೂರು ಜನರ ಸಾಲಿನ ನಡುವೆ ಅದು ಮರೆತುಹೋಯಿತು.

ಶ್ರಾವಣದಲ್ಲಿ ದೇವದುರ್ಗದ ಆಸ್ಪತ್ರೆಯಲ್ಲಿ ಪ್ರೋಗ್ರಾಮು ಪೂರ್ತಿ ಶುರುವಾಯಿತು. ಮೊದಲ ವಾರ ಜೊತೆಗಿರು ಎಂದು ನನ್ನನ್ನು ಅಲ್ಲಿಗೆ ಕಳಿಸಿದರು. ಆ ವರ್ಷ ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಕರಿಮಣ್ಣು ಚಪ್ಪಲಿಗೆ ಹತ್ತಿ ಬಂದು ಆಸ್ಪತ್ರೆಯ ನೆಲವೆಲ್ಲ ಹೊಲವಾಗಿತ್ತು. ಅಂಥದೊಂದು ಮಧ್ಯಾಹ್ನ ಟಂಟಂ ಗಾಡಿಯಿಂದ ಇಳಿದು, ತಾಯಿಯ ಹೆಗಲು ಹಿಡಿದುಕೊಂಡು ಒಬ್ಬಳು ಬಂದಳು. ಬಂದವಳೇ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದು ಕೂತಳು. ತಾಯಿ ಸರ್ಕಾರದ ಆರೋಗ್ಯ ಕಾರ್ಡು ಕೊಟ್ಟಳು. ಶಬಾನಾ ಒತ್ತಿದಳು, ಮತ್ತೆ ಒತ್ತಿದಳು, ನನ್ನ ಕಡೆ ತಿರುಗಿದಳು.

“ಅಕ್ಕಾ, ಕಾರ್ಡು ತಗೊಳ್ಳವಲ್ದು. ಆಧಾರಿನ್ಯಾಗ ಜೂನ್ ಒಂದು ಅದ, ನಮ್ಮದ್ರಾಗ ಜೂನ್ ಎರಡು. ಈಕಿ ಬ್ಯಾರೆ ಯಾರೋ ಅಂತದ.”

ಹೆಸರು ನೋಡಿದೆ. ಅದೇ ಹುಲಿಗೆಮ್ಮ. ಕಾರ್ಡು ನೋಡುವ ಗುಮಾಸ್ತ ಆಚೆಯಿಂದಲೇ, ತಾರೀಖು ಸರಿಯಾಗದೆ ಸೇರಿಸಿಕೊಳ್ಳಲು ಬರುವುದಿಲ್ಲ, ಮೊದಲು ಅದನ್ನು ತಿದ್ದಿಸಿಕೊಂಡು ಬನ್ನಿ ಎಂದ. ತಾಯಿ ತಾಯಮ್ಮ ನನ್ನ ಮುಖ ನೋಡಿದಳು. ಗುರುತು ಹತ್ತಿತು ಅವಳಿಗೆ. “ಮಾಸ್ತರ ಮಗಳಲ್ಲೇನವ್ವಾ ನೀನು? ನಾವು ಏನ್ ತಿದ್ದಿಸ್ಬೇಕವ್ವಾ? ನಾವೇನು ಬದ್ಲಿ ಮಾಡೀವಿ?”

ಹುಲಿಗೆಮ್ಮ ಬೆಂಚಿನ ಮೇಲೆ ಬಾಗಿ ನರಳಿದಳು. ಶಬಾನಾ ಎದ್ದು ನಿಂತಳು. “ಹಾಳಾಗ್ಲಿ ಕಾರ್ಡು. ಬಾರವ್ವಾ ನೀನು,” ಎಂದು ಅವಳನ್ನು ಹಿಡಿದುಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಓಡಿದೆ. ಒಳಗೆ ನರ್ಸು ಪರದೆ ನೋಡಿ, ಸೂಜಿಯ ತಯಾರಿ ಮಾಡುತ್ತಿದ್ದಳು.

“ಸಿಸ್ಟರ್, ಈಕಿಗೆ ಪೆನಿಸಿಲಿನ್ ಆಗಂಗಿಲ್ರಿ.”

“ಯಾರ್ ಹೇಳಿದ್ರು? ಇದರಾಗ ಏನೂ ಇಲ್ಲಲ್ಲ.”

“ಇದ್ರಾಗ ಇತ್ತು. ನಮ್ಮ ಕೋಡು ಅಳಿಸ್ಯದ. ಅಳಿಸಿದ್ದು ನಾ ಕಣ್ಣಾರೆ ನೋಡೀನಿ.”

ನರ್ಸು ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದಳು. ನಾನು ನೋಡಿದ್ದೆ, ಪರದೆಯ ಪಕ್ಕದಲ್ಲಿ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಕೆಂಪು ಮಸಿಯಲ್ಲಿ ಬರೆದವರು ಅವರೇ. ಹುಲಿಗೆಮ್ಮನ ಮುಖ ಕಂಡೊಡನೆ ನೆನಪಾಯಿತು. ನರ್ಸಿನ ಕೈಯಿಂದ ಸೂಜಿಯನ್ನು ಕಿತ್ತು ಪಕ್ಕಕ್ಕಿಟ್ಟು ಬೇರೆ ಔಷಧ ತರಿಸಿದರು. ನನ್ನ ಕಡೆ ತಿರುಗಿ ಒಂದೇ ಮಾತು ಅಂದರು. “ಇದನ್ನ ನೀವು ಮಾಡಿ ಕೊಟ್ಟೀರೇನು?” ನಾನು ತಲೆ ತಗ್ಗಿಸಿ ಹೊರಗೆ ಬಂದೆ.

ಸಂಜೆಗೆ ಹೆಣ್ಣು ಕೂಸಾಯಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಸರ್‌ಗೆ ಫೋನು ಮಾಡಿ ನಡೆದದ್ದೆಲ್ಲ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಮೆತ್ತಗೆ ಹೇಳಿದರು: “ಆರಾಮ ಅದಾರಲ್ಲ? ಏನೂ ಆಗಿಲ್ಲಲ್ಲ ಮತ್ತ? ಯಾಕ ಇಷ್ಟು ಒದರಾಕತ್ತಿ?”

ಏನೂ ಆಗಿಲ್ಲವಂತೆ. ಶಬಾನಾ ಕಾರ್ಡು ಬದಿಗೆ ಸರಿಸದಿದ್ದರೆ, ಡಾಕ್ಟರಮ್ಮ ಆ ದಿನ ಮಾನ್ವಿಗೆ ಹೋಗಿದ್ದರೆ, ನಾನು ರಾಯಚೂರಿನಲ್ಲೇ ಕೂತಿದ್ದರೆ ಆಗುತ್ತಿತ್ತು. ಆಗಲಿಲ್ಲವೆಂಬುದು ನಮ್ಮ ಪುಣ್ಯವೇ ಹೊರತು ನಮ್ಮ ಕೆಲಸವಲ್ಲ. ಆ ಬೆಂಚಿನ ಮೇಲೆಯೇ, ಹುಲಿಗೆಮ್ಮ ಹಿಡಿದು ಕೂತಿದ್ದ ಜಾಗದಲ್ಲೇ ಲ್ಯಾಪ್‌ಟಾಪು ತೆರೆದೆ. ಟೆಸ್ಟಿನ ಬಾಯಿಬಟ್ಟೆ ಕಿತ್ತೆ, ತಿದ್ದಿದ ಕೋಡು ಹಾಕಿದೆ, ಎಲ್ಲವನ್ನೂ ಓಡಿಸಿ ಕಳಿಸಿದೆ. ಸರ್ ಅಡ್ಡಿ ಮಾಡಲಿಲ್ಲ. ಅಷ್ಟೊತ್ತಿಗೆ ಡಾಕ್ಟರಮ್ಮನ ಫೋನು ಅವರಿಗೆ ಹೋಗಿತ್ತು. ಸ್ಥಳೀಯ ಸಮಸ್ಯೆಯೊಂದನ್ನು ತಾವು ಪತ್ತೆಹಚ್ಚಿ ಸರಿಪಡಿಸಿದ್ದಾಗಿ ಅವರು ಹೈದರಾಬಾದಿನವರಿಗೆ ಹೇಳಿಕೊಂಡರು ಎಂದು ಆಮೇಲೆ ತಿಳಿಯಿತು. ಹೇಳಿಕೊಳ್ಳಲಿ. ಕೋಡು ಸರಿಯಾಗಿತ್ತು, ಹುಲಿಗೆಮ್ಮ ತನ್ನ ಜೂನ್ ಒಂದಕ್ಕೆ ಮರಳಿದ್ದಳು, ಪೆನಿಸಿಲಿನ್ ಮಾತನ್ನು ನಾನೇ ಮುಂದೆ ನಿಂತು ಬರೆಸಿದ್ದೆ. ಟಿ.ವಿ. ಹಸಿರಾಗಿದೆ ಎಂದು ಕಚೇರಿಯಿಂದ ಹೇಳಿದರು. ಈ ಸಲದ್ದು ಸಾಚಾ ಹಸಿರು ಎಂದು ನಾನೂ ನಂಬಿದೆ.

ನನ್ನ ವಾರ ಮುಗಿಯುವ ದಿನವೇ ಹುಲಿಗೆಮ್ಮನನ್ನು ಮನೆಗೆ ಕಳಿಸಿದರು. ಮಳೆ ಸ್ವಲ್ಪ ಹೊಳವಾಗಿತ್ತು. ಅವಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೌಂಟರಿಗೆ ಬಂದಳು. ಶಬಾನಾ ಕೂಸಿನ ಚೀಟಿ ತೆಗೆದುಕೊಟ್ಟಳು. ಹುಲಿಗೆಮ್ಮ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಅಪ್ಪನ ಸಾಲೆಯಲ್ಲಿ ಕಲಿತ ಓದು. ಓದಿ ಚೀಟಿಯನ್ನು ನನ್ನ ಮುಂದೆ ಇಟ್ಟಳು.

ಕೂಸು ಹುಟ್ಟಿದ್ದು ಜೂನ್ ಒಂದು ಎಂದಿತ್ತು.

ಶಬಾನಾ ನಾಲಿಗೆ ಕಚ್ಚಿಕೊಂಡಳು. “ನಾ ಬರದಿಲ್ಲ ಅಕ್ಕಾ. ಹೊಸ ಹೆಸರು ತೆರದ್ರ ಅದು ಮೊದಲ ತುಂಬಿ ಬರ್ತದ. ಇಲ್ಲಿ ಬರೋರ್ದೆಲ್ಲ ಅದ ಇರ್ತದ, ಕೌಂಟರಿನವರಿಗೆ ಹೊಡಿಯೂ ಕೆಲಸ ತಪ್ಲಿ ಅಂತ ಸರ್ ಹೋದ ವಾರ ಹಾಕಿ ಕೊಟ್ಟಾರ. ಗದ್ದಲದಾಗ ನಾ ನೋಡ್ಲಿಲ್ಲ.”

ಎಡಿಟರಿನಲ್ಲಿ ನನ್ನ ಟೆಸ್ಟುಗಳೆಲ್ಲ ಹಸಿರಾಗಿಯೇ ಇದ್ದವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಹುಲಿಗೆಮ್ಮನ ದನಿಯಲ್ಲಿ ಜಗಳವಿರಲಿಲ್ಲ. ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು.

“ನನ್ನ ತಾರೀಖು ನಿಮ್ಮಪ್ಪಾರು ಬರದ್ರು. ಆಗ ನಮ್ಮವ್ವಗ ಗೊತ್ತಿದ್ದಿಲ್ಲ, ಬರದ್ರು. ಇದು ಹುಟ್ಟಿದ್ದು ನನಗ ಗೊತ್ತದ, ನಿನಗ ಗೊತ್ತದ, ಈ ದವಾಖಾನಿಗೆಲ್ಲ ಗೊತ್ತದ. ಮತ್ತ ಇದನ್ನ ಯಾರ್ ಬರದ್ರವ್ವಾ?”

“ನಾವ” ಎಂದೆ.